ಡಬಲ್ ಸ್ಟ್ಯಾಂಡ್ ಮೇಲಿನ ಸವಾರಿ

ತಿರುವಿನಲ್ಲಿ ಬಾಗಿಸಿದರೆ ಹಾರಿದಂತಿರಬೇಕು, ರಜೆ ಬಂದರೆ ಹೆಂಡತಿಯನ್ನೂ ಎರಡು ಚೀಲಗಳನ್ನೂ ಹೊತ್ತು ದೂರದೂರಿಗೆ ಹೋಗುವಂತಿರಬೇಕು. ಎರಡೂ ಗುಣ ಒಂದೇ ಬೈಕಿನಲ್ಲಿ ಬೇಕೆಂದು ನಾನು ವರ್ಷವಿಡೀ ಶೋರೂಮುಗಳನ್ನು ಅಲೆದೆ. ಇತ್ತ ನನ್ನ ದರ್ಜಿ ಅಂಗಡಿಯಲ್ಲಿ ಗಿರಾಕಿಗಳ ಪ್ಯಾಂಟುಗಳು ಹೊಲಿಗೆ ಕಾಣದೆ ಕೂತಿದ್ದವು.

ಕೊನೆಗೂ ಒಂದು ಸಿಕ್ಕಿತು. ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ಅದರ ಮೇಲೆ ವಾರವಾರವೂ ಹೋಗಿ ಕೂತೆ. ಕಾಲುಗಳನ್ನು ಫುಟ್‌ರೆಸ್ಟ್ ಮೇಲಿಟ್ಟು ಮುಂದಕ್ಕೆ ಬಾಗಿದರೆ ರೇಸು, ನೆಟ್ಟಗೆ ಕೂತರೆ ಪ್ರವಾಸ. ಆಹಾ!

"ಒಂದ್ಸಲ ಓಡಿಸಿ ನೋಡಿ ಸಾರ್," ಎಂದ ಮಾರಾಟಗಾರನ ಮೇಲೆ ರೇಗಿದ್ದೆ. "ನಂಗೆ ಹೇಳ್ಕೊಡೋಕೆ ಬರ್ಬೇಡಿ!"

ಇವತ್ತು ಕೀಲಿ ಕೈಗೆ ಬಂತು. ನಾನು ಹತ್ತಿದೆ, ಹಿಂದೆ ಹೆಂಡತಿ ಹತ್ತಿದಳು. ಮಾರಾಟಗಾರ ಬೈಕನ್ನು ಮುಂದಕ್ಕೆ ತಳ್ಳಿ ಸ್ಟ್ಯಾಂಡಿನಿಂದ ಇಳಿಸಿದ. ನಾನು ಕಾಲು ಕೆಳಗೆ ಚಾಚಿದೆ. ನೆಲವೇ ಸಿಗಲಿಲ್ಲ.

ಬೈಕು ವಾಲತೊಡಗಿತು. ಮಾರಾಟಗಾರ ಎಡಕ್ಕೆ ಆತುಕೊಂಡ, ಬಾಗಿಲ ಕಾವಲಿನವನು ಓಡಿಬಂದು ಬಲಕ್ಕೆ ಹಿಡಿದ. ಹಗಲಿಡೀ ಊರಮಂದಿಯ ಕಾಲಿಗೆ ಟೇಪು ಹಿಡಿಯುವ ನಾನು ನನ್ನ ಕಾಲನ್ನು ಅಳೆದಿರಲಿಲ್ಲ. ಇಳಿಯೋಣವೆಂದರೆ ಕಾಲಿಗೆ ನೆಲ ಎಟುಕದು, ಹೊರಡೋಣವೆಂದರೆ ಅವರು ಕೈಬಿಟ್ಟ ಕೂಡಲೇ ಬೀಳುತ್ತೇನೆ.

"ಬಿಡಬೇಡ್ರಪ್ಪಾ, ದಮ್ಮಯ್ಯ," ಎಂದೆ.

ಹೆಂಡತಿ ಹೊಸ ಹೆಲ್ಮೆಟ್ಟಿನೊಳಗಿಂದ ಆ ಕಡೆ, ಈ ಕಡೆ ನೋಡಿದಳು. ನನ್ನ ಬೆನ್ನು ತಟ್ಟಿ ಮೆಲ್ಲಗೆ ಕೇಳಿದಳು:

"ರೀ, ಇವರಿಬ್ರೂ ಎಲ್ಲೀವರೆಗೆ ಬರ್ತಾರೆ?"