ಲೂಸಿಯಾನಾನ್ನ ಕೇಳಿದ್ರೇನು?

ಕಲ್ಲಣ್ಣ ಮಾಸ್ತರರನ್ನು ಗೋಡೆಗೆ ಆನಿಸಿ ಕೂರಿಸುತ್ತಿದ್ದರೆ ಅವರ ತಲೆ ಮತ್ತೆ ಮತ್ತೆ ಎಡಕ್ಕೆ ವಾಲುತ್ತಿತ್ತು. ಇಬ್ಬರು ಭುಜ ಹಿಡಿದಿದ್ದರು, ಮೂರನೆಯವನು ಹಣೆಗೆ ಬಟ್ಟೆ ಸುತ್ತಿ ಹಿಂದಿನ ಗೂಟಕ್ಕೆ ಕಟ್ಟುತ್ತಿದ್ದ. ಆದರೂ ತಲೆ ತನ್ನ ಹಟ ಬಿಡಲಿಲ್ಲ. ಬದುಕಿದ್ದಾಗಲೂ ಹಾಗೇ. ಹುಡುಗರು ತಪ್ಪು ಉತ್ತರ ಹೇಳುವಾಗ ಮಾಸ್ತರರು ಎಡಕ್ಕೆ ವಾಲಿ ಕಿವಿಗೊಟ್ಟು, ಆ ತಪ್ಪು ಪೂರ್ತಿ ಮುಗಿಯುವತನಕ ಕೇಳುತ್ತಿದ್ದರು. ತಂಗಿ ಲಕ್ಷ್ಮೀದೇವಿ ಮುಂದೆ ಬಂದು, ಅಷ್ಟು ಬಿಗಿಯಬೇಡಿ, ಹಾಗೇ ಇರಲಿ ಬಿಡಿ ಎಂದಳು. ಭಜನೆಯ ತಾಳದ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಬಿಗಿದೇ ಕಟ್ಟಿದರು.

ಬೆಟಗೇರಿಯ ಆ ಓಣಿಯಲ್ಲಿ ಅಂದು ಮಗ್ಗಗಳೆಲ್ಲ ನಿಂತಿದ್ದವು. ಮಾಸ್ತರರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಾಲೇಜಿನಲ್ಲಿ ಇತಿಹಾಸ ಕಲಿಸಿದವರು. ಹೆಂಡತಿ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮುಂದಿನ ಕೋಣೆಯಲ್ಲಿ ಅವರ ಪಾಠ, ಹಿಂದಿನ ಕೋಣೆಯ ಕುಣಿಮಗ್ಗದಲ್ಲಿ ಲಕ್ಷ್ಮೀದೇವಿಯ ನೇಯ್ಗೆ; ನಡುವೆ ಒಂದು ಗೋಡೆ, ಗೋಡೆಯಲ್ಲಿ ಕದವಿಲ್ಲದ ಒಂದು ಸಣ್ಣ ಕಿಟಕಿ. ಅರವತ್ತೆಂಟರ ಈ ವಯಸ್ಸಿನಲ್ಲೂ ಆಕೆ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಳೆಂದರೆ ಊಟದ ಹೊತ್ತಿಗೂ ಏಳುವವಳಲ್ಲ.

ಹಿತ್ತಲಿಗೆ ನೀರು ತರಲು ಹೋದಾಗ ತಮ್ಮ ಪ್ರಭುಲಿಂಗ ಫೋನಿನಲ್ಲಿ ಮಾತಾಡುವುದು ಆಕೆಯ ಕಿವಿಗೆ ಬಿತ್ತು.

"ದಿನಕರ್ಮ ಮುಗಿದ ಮ್ಯಾಲ ಮಗ್ಗ ಬಿಚ್ಚೋದೈತಿ. ಕುಣಿ ಮುಚ್ಚಾಕ ಒಂದು ಟ್ರಿಪ್ ಗರಸು ಮಣ್ಣು ಬೇಕು. ಅಕ್ಕನ್ನ ನಾನು ಮುಂಡರಗಿಗೆ ಕರಕೊಂಡು ಹೋಗ್ತೀನಿ."

ಪ್ರಭುಲಿಂಗ ಕೆಟ್ಟವನಲ್ಲ. ಅವನು ಕೆಟ್ಟವನಾಗಿದ್ದರೆ ಆಕೆಗೆ ಎಷ್ಟೋ ಹಗುರವಾಗುತ್ತಿತ್ತು. ಬೆಳಗಿನಿಂದ ಎಳೆಮಗುವಿನ ಹಾಗೆ ಅತ್ತಿದ್ದ. ಅಣ್ಣ ಹಾಸಿಗೆ ಹಿಡಿದಾಗಲೇ ಮುಂಡರಗಿಯ ಮನೆಯಲ್ಲಿ ಅಕ್ಕನಿಗೆಂದು ಕೋಣೆಗೆ ಸುಣ್ಣ ಹೊಡೆಸಿದ್ದ, ಆಕೆಯ ಮೊಣಕಾಲು ನೋವಿಗೆಂದು ಕುರ್ಚಿಯಂಥ ಸಂಡಾಸು ಕೂರಿಸಿದ್ದ. ಎಲ್ಲ ಮಾಡಿದ್ದ, ಆಕೆಯನ್ನು ಒಂದು ಮಾತು ಕೇಳುವುದನ್ನು ಬಿಟ್ಟು. ಕುಣಿ ಮುಚ್ಚಿದರೆ ತನ್ನ ಕಾಲು ಎಲ್ಲಿಡುವುದು ಎಂಬುದೊಂದೇ ಆಕೆಗೆ ತಿಳಿಯದಾಯಿತು. ಕೊಡ ತುಂಬಿ ಹರಿಯುತ್ತಿದ್ದರೂ ನಲ್ಲಿ ನಿಲ್ಲಿಸಲಿಲ್ಲ.

*

ಲಕ್ಷ್ಮೀದೇವಿಯನ್ನು ಹದಿನೈದಕ್ಕೆ ಶಿರಹಟ್ಟಿಗೆ ಕೊಟ್ಟರು. ಹದಿನೆಂಟಕ್ಕೆ ಗಂಡ ತೀರಿಹೋದ, ತಿರುಗಿ ಕರೆತಂದರು. ಕೊಟ್ಟದ್ದೂ ಅವರೇ, ತಂದದ್ದೂ ಅವರೇ. ಬಂದವಳು ಅಪ್ಪನ ಮಗ್ಗಕ್ಕೆ ಕೂತಳು.

ಆಗ ಕಲ್ಲಣ್ಣನಿಗೆ ಹೊಸದಾಗಿ ನೌಕರಿ ಸಿಕ್ಕಿತ್ತು. ಸಂಜೆ ನಾಲ್ಕಾರು ಹುಡುಗರನ್ನು ಮುಂದಿನ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಹೇಳುತ್ತಿದ್ದ. ಓಣಿಯ ಪಂಚರಿಗೆ ಹೇಳುವ ಧಾಟಿಯಲ್ಲೇ ಅಮೆರಿಕಾದ ಕತೆ ಹೇಳುತ್ತಿದ್ದ. ಆ ದೇಶದ ಮೊದಲ ಹಿರಿಯ ಮನುಷ್ಯ ಅಧಿಕಾರ ಬಿಡುವಾಗ, ಮಂದಿಯ ಜಗಳದಲ್ಲಿ ಕೈ ಹಾಕಬೇಡಿ ಎಂದು ಬುದ್ಧಿ ಹೇಳಿ ಹೋದನಂತೆ. ಆಮೇಲೆ ಬಂದವರು, ಕಡಲಾಚೆಯವರು ಇನ್ನು ನಮ್ಮ ಕಡೆ ಕಾಲಿಡಬಾರದು ಎಂದು ಗೆರೆ ಎಳೆದರಂತೆ. ಕಿಟಕಿಯಾಚೆ ಲಕ್ಷ್ಮೀದೇವಿಗೆ ಮಗ್ಗದ ಸದ್ದಿನಲ್ಲಿ ಅರ್ಧ ಕೇಳುತ್ತಿತ್ತು, ಅರ್ಧ ಕೇಳುತ್ತಿರಲಿಲ್ಲ.

ಒಂದು ದಿನ ಕಿಟಕಿ ದಾಟಿ ಬಂದದ್ದು ಇಷ್ಟು: ಲೂಸಿಯಾನಾನ್ನ ಫ್ರಾನ್ಸಿನವರು ಮೊದಲು ಸ್ಪೇನಿಗೆ ಕೊಟ್ಟರು, ಸ್ಪೇನಿನವರು ತಿರುಗಿ ಫ್ರಾನ್ಸಿಗೆ ಕಳಿಸಿದರು, ಮೂರೇ ವರ್ಷದಲ್ಲಿ ಫ್ರಾನ್ಸಿನವರು ಅಮೆರಿಕಾಕ್ಕೆ ಕೊಟ್ಟುಬಿಟ್ಟರು. ಕೊನೆಗೆ ಅಮೆರಿಕಾಕ್ಕೆ ಬಂತು ಎಂದನೋ ಬಂದಳು ಎಂದನೋ, ಮಾತಿನ ಬಾಲವನ್ನು ಮಗ್ಗ ನುಂಗಿಹಾಕಿತ್ತು. ಆ ಓಣಿಯಲ್ಲಿ ಊರಿಗೆ 'ಕೊಡುವುದು' ಎಂದರೆ ಹೆಣ್ಣನ್ನೇ. ಮುಂಡರಗಿಗೆ ಕೊಟ್ಟಾರ, ಲಕ್ಷ್ಮೇಶ್ವರಕ್ಕೆ ಕೊಟ್ಟಾರ ಎಂದರೆ ಯಾರನ್ನು ಎಂದು ಕೇಳಬಹುದು, ಏನನ್ನು ಎಂದು ಯಾರೂ ಕೇಳುವುದಿಲ್ಲ. ಹೀಗಾಗಿ ಲೂಸಿಯಾನಾ ಒಬ್ಬ ಹುಡುಗಿ ಎಂಬುದರಲ್ಲಿ ಲಕ್ಷ್ಮೀದೇವಿಗೆ ಸಂಶಯವೇ ಬರಲಿಲ್ಲ. ವರ್ಜೀನಿಯಾ, ಕೆರೊಲಿನಾ ಎಂಬವರು ಆಕೆಯ ಅಕ್ಕತಂಗಿಯರಿರಬೇಕು. ಕೊಟ್ಟ ಮನೆಯಿಂದ ತಿರುಗಿ ಬಂದು, ಟ್ರಂಕು ಬಿಚ್ಚುವುದರೊಳಗೆ ಇನ್ನೊಂದು ಮನೆಗೆ ಹೊರಟ ಹುಡುಗಿಯನ್ನು ನೆನೆದು ಆಕೆ ಆ ಸಂಜೆಯೆಲ್ಲ ಎಳೆ ತಪ್ಪಿಸುತ್ತಲೇ ನೇಯ್ದಳು.

ಅದೇ ವಾರ ಅಪ್ಪ ಆಕೆಗೆ ಉಡಿಕೆ ಮಾಡುವ ಮಾತು ಎತ್ತಿದ್ದ. ಮಲ್ಲಸಮುದ್ರದ ಯಲ್ಲೇಶ, ಹೆಂಡತಿ ಸತ್ತವನು. ಆಕೆಯನ್ನು ಅವನಿಗೆ ಎರಡನೆಯ ಸಲ ಕೊಡುವುದೆಂದು. ರಾತ್ರಿ ರೊಟ್ಟಿ ಬಡಿಸುತ್ತ ಆಕೆ ಅಣ್ಣನನ್ನು ಕೇಳಿಯೇಬಿಟ್ಟಳು.

"ಅಣ್ಣಾ, ಎರಡನೇ ಸಲ ಕೊಡುವಾಗರ ಲೂಸಿಯಾನಾನ್ನ ಕೇಳಿದ್ರೇನು?"

ಕಲ್ಲಣ್ಣ ಮೊದಲು ಕಣ್ಣು ಪಿಳುಕಿಸಿದ. ಆಮೇಲೆ ಗಂಟಲಲ್ಲಿ ರೊಟ್ಟಿ ಸಿಕ್ಕಿಕೊಳ್ಳುವಷ್ಟು ನಕ್ಕ. ಅದು ಹೆಣ್ಣಲ್ಲ, ನೆಲ, ನಮ್ಮಂಥ ಎಷ್ಟೋ ಸೀಮೆ ಹಿಡಿಸುವಷ್ಟು ನೆಲ ಎಂದು ಹೇಳಿ ಮತ್ತೂ ನಕ್ಕ. ಲಕ್ಷ್ಮೀದೇವಿ ನಾಚಿಕೆಯಿಂದ ಒಳಗೆ ಓಡಿದಳು. ಒಳಗಿಂದ ನೋಡಿದರೆ ಅವನ ನಗು ನಿಂತಿತ್ತು, ಕೈ ತಾಟಿನಲ್ಲೇ ಒಣಗುತ್ತಿತ್ತು.

ಮರುದಿನ ಅವನು ಅಪ್ಪನಿಗೆ ಉಡಿಕೆ ಬೇಡವೇ ಬೇಡ ಎಂದು ಖಡಾಖಂಡಿತ ಹೇಳಿದ. ತಂಗಿ ತನ್ನ ಹತ್ತಿರವೇ ಇರುತ್ತಾಳೆ ಎಂದ. ಎಂಥ ಅಣ್ಣ ಎಂದು ಓಣಿಯವರು ಹೊಗಳಿದರು. ಯಲ್ಲೇಶ ನೂಲು ಕೊಡಲು ಎರಡು ಸಲ ಮನೆಗೆ ಬಂದಿದ್ದ. ನಗುವಾಗ ಬಾಯಿಗೆ ಟವೆಲು ಅಡ್ಡ ಹಿಡಿಯುತ್ತಿದ್ದ. ಲಕ್ಷ್ಮೀದೇವಿಗೆ ಅವನು ಬೇಡವಾಗಿರಲಿಲ್ಲ. ಅದನ್ನು ಆಕೆ ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

*

ಹೆಣ ಎತ್ತುವ ಮುಂಚೆ ಹಳೆಯ ವಿದ್ಯಾರ್ಥಿಗಳು ನಾಲ್ಕು ಮಾತು ಆಡಲು ನಿಂತರು. ಮೊದಲ ಇಬ್ಬರು ಶಿಸ್ತು, ಸಮಯಪಾಲನೆ ಎಂದು ಯಾವ ಮಾಸ್ತರರಿಗೂ ಹೊಂದುವ ಮಾತುಗಳನ್ನು ಆಡಿ ಕೂತರು. ಮೂರನೆಯವಳು ಅಡರಕಟ್ಟಿಯ ಕಾವೇರಿ. ಈಗ ಶಿರಹಟ್ಟಿಯ ಶಾಲೆಯೊಂದರಲ್ಲಿ ತಾನೇ ಟೀಚರು. ಸರ್ ಪ್ರತಿ ವರ್ಷ ಒಂದು ಪಾಠಕ್ಕೆ ಸೀಮೆಸುಣ್ಣ ಕೆಳಗಿಡುತ್ತಿದ್ದರು ಎಂದು ಆಕೆ ಶುರು ಮಾಡಿದಳು. ನದಿಯ ಬಾಯಲ್ಲಿದ್ದ ಒಂದು ಬಂದರು ಕೇಳಲು ಹೋದ ಅಮೆರಿಕಾದವರಿಗೆ ಫ್ರಾನ್ಸಿನವರು ಇಡೀ ಸೀಮೆಯನ್ನೇ ಕೊಟ್ಟರು, ಒಂದು ಸಹಿಗೆ ದೇಶ ಎರಡರಷ್ಟಾಯಿತು. ಹುಡುಗರು ಇಸವಿ ಬರೆದುಕೊಳ್ಳುತ್ತಿದ್ದರೆ ಸರ್ ಎಡಕ್ಕೆ ವಾಲಿ ನಿಲ್ಲುತ್ತಿದ್ದರಂತೆ.

"ಕೊಟ್ಟವರು ಯಾರು ಅಂತ ಬರದ್ರಿ, ತಗೊಂಡವರು ಯಾರು ಅಂತ ಬರದ್ರಿ, ಲೂಸಿಯಾನಾನ್ನ ಕೇಳಿದ್ರೇನು ಅಂತಿದ್ರು," ಎಂದಳು ಕಾವೇರಿ. "ನಾವು ನಗತಿದ್ವಿ. ನಮ್ಮ ನಗಿ ಮುಗಿಯೂತನಕ ಸುಮ್ಮನ ನಿಂದರ್ತಿದ್ರು."

ನಗು ಮುಗಿದ ಮೇಲೆ, ಆ ನೆಲದಲ್ಲಿ ಮೊದಲಿನಿಂದ ಬಿತ್ತಿ ಬೆಳೆದು ಬೇಟೆಯಾಡಿಕೊಂಡಿದ್ದ ಜನರ ಮಾತು ಬರುತ್ತಿತ್ತಂತೆ. ತಾವು ಕೂತ ಜಾಗ ಕೈ ಬದಲಾದದ್ದರ ಖಬರೇ ಅವರಿಗೆ ಇರಲಿಲ್ಲ. ಆಮೇಲೆ ವರ್ಷ ವರ್ಷಕ್ಕೂ ಅವರನ್ನು ಪಡುವಣಕ್ಕೆ ತಳ್ಳುತ್ತ ಹೋದರು.

ಕಾವೇರಿ ಜನರ ನಡುವೆ ಲಕ್ಷ್ಮೀದೇವಿಯನ್ನು ಹುಡುಕಿ, ಆಕೆಯ ಕಡೆಗೇ ತಿರುಗಿದಳು.

"ಒಂದು ವರ್ಷ ನಾನು ಆ ಪ್ರಶ್ನಿ ಭಾಳ ಚಲೋ ಐತ್ರಿ ಅಂದಿದ್ದೆ. ಅದು ನನ್ನದಲ್ಲವ್ವಾ, ನನ್ನ ತಂಗಿದು ಅಂದ್ರು. ಆಕಿ ಕೇಳಿದಾಗ ನಾನು ನಕ್ಕೆ. ನಕ್ಕು, ಮತ್ತ ನಾನೂ ಆಕಿನ್ನ ಕೇಳಲಿಲ್ಲ ಅಂದ್ರು. ಹಂಗಂದು ಕ್ಲಾಸ್ ಬಿಟ್ಟು ಹೊರಗ ಹೋದ್ರು, ಅವ್ವಾರ."

ಬೆಳಗಿನಿಂದ ಅಳದೆ ಇದ್ದ ಲಕ್ಷ್ಮೀದೇವಿ ಆಗ ಬಾಯಿ ಬಿಟ್ಟು ಅತ್ತಳು. ದಡ್ಡ ಪ್ರಶ್ನೆ ಕೇಳಿ ಅಣ್ಣನ ಎದುರು ಸಣ್ಣವಳಾದೆ ಎಂದು ಐವತ್ತು ವರ್ಷ ನಾಚಿಕೊಂಡಿದ್ದಳು. ಅವನು ಅದನ್ನೇ ವರ್ಷಾ ವರ್ಷಾ ಹಲಗೆಯ ಮುಂದೆ ನಿಂತು ಕೇಳಿದ್ದನಲ್ಲ ಎಂಬ ಹೆಮ್ಮೆಯೂ ಬಂತು, ಹೊಟ್ಟೆಯುರಿಯೂ ಬಂತು. ಊರ ಮಕ್ಕಳಿಗೆಲ್ಲ ಹೇಳಿದವನಿಗೆ ಒಂದು ಗೋಡೆಯ ಆಚೆ ಹೇಳಲು ಬಾಯಿ ಬರಲಿಲ್ಲವೇ? ಹತ್ತಿರ ಹೋಗಿ ಹಣೆಯ ಬಟ್ಟೆಯ ಗಂಟನ್ನು ತಾನೇ ಸಡಿಲಿಸಿದಳು. ಈ ಸಲ ಯಾರೂ ತಡೆಯಲಿಲ್ಲ. ಪ್ರಭುಲಿಂಗ ಟವೆಲು ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿದ್ದ. ಅವನು ನೆಲ ನೋಡುತ್ತಿದ್ದ.

ಮಣ್ಣು ಕೊಟ್ಟು ಬಂದು, ಕಾಲು ತೊಳೆದು, ದೀಪ ನೋಡಿ ಎಲ್ಲರೂ ಮುಂದಿನ ಕೋಣೆಯಲ್ಲಿ ಕೂತಾಗ ಹೊತ್ತು ಇಳಿದಿತ್ತು. ಪಕ್ಕದ ಮನೆಯ ಅಮೃತವ್ವ ತನ್ನ ಮನೆಯಿಂದ ಚಹಾ ಮಾಡಿ ತಂದಳು. ಸಾವಿನ ಮನೆಯಲ್ಲಿ ಅಂದು ಒಲೆ ಹಚ್ಚುವ ಹಾಗಿರಲಿಲ್ಲ. ಮುಂಡರಗಿಯ ಹಿರಿಯರೊಬ್ಬರು, ದಿನಕರ್ಮ ಮುಗಿದ ಮೇಲೆ ಅಕ್ಕನ ಸಾಮಾನು ಯಾವ ಗಾಡಿಯಲ್ಲಿ ಒಯ್ಯುತ್ತೀ ಎಂದು ಪ್ರಭುಲಿಂಗನನ್ನು ಕೇಳಿದರು. ಅವನು ಎದ್ದು ಬಂದು ಅಕ್ಕನ ಎದುರು ನೆಲದ ಮೇಲೆ ಕೂತ. ಕೂತವನಿಗೆ ಮಾತು ಎಲ್ಲಿಂದ ಹಿಡಿಯಬೇಕೆಂದು ಗೊತ್ತಾಗಲಿಲ್ಲ. ಇಂಥ ಮಾತು ಆ ಮನೆಯಲ್ಲಿ ಯಾರೂ ಆಡಿದ ರೂಢಿಯಿರಲಿಲ್ಲ.

"ಅಕ್ಕಾ," ಎಂದ. "ನೀ ಏನಂತಿ? ನಿನಗ ಹೆಂಗ ಬೇಕು?"

ಲಕ್ಷ್ಮೀದೇವಿ ತಮ್ಮನ ಮುಖ ನೋಡಿದಳು. ಬೆಳಿಗ್ಗೆ ನಲ್ಲಿಯ ಹತ್ತಿರ ನಿಂತಾಗ, ನಾ ಬರಂಗಿಲ್ಲ ಎಂಬ ಮಾತು ನಾಲಗೆಯ ತುದಿಗೇ ಇತ್ತು. ಈಗ ಕೇಳಿದ ಮೇಲೆ ಅವಸರ ಮಾಡಿ ಅದನ್ನು ಹೇಳಿಬಿಡಲು ಆಕೆಗೆ ಮನಸ್ಸಾಗಲಿಲ್ಲ.

"ಕುಂಡ್ರು," ಎಂದಳು. "ವಿಚಾರ ಮಾಡಿ ಹೇಳ್ತೀನಿ."

ಹೊರಗೆ ಮುಂಡರಗಿಯ ಜನರನ್ನು ಕರೆತಂದಿದ್ದ ಕ್ರೂಸರಿನವನು ಎರಡು ಸಲ ಹಾರ್ನ್ ಹೊಡೆದ. ಯಾರೂ ಏಳಲಿಲ್ಲ. ಪ್ರಭುಲಿಂಗ ಬಾಗಿಲತನಕ ಹೋಗಿ, ಇನ್ನೂ ಹೊತ್ತಾಗುತ್ತದೆ, ಗಾಡಿ ಬಂದ್ ಮಾಡಿಕೊಂಡು ಕೂತಿರು ಎಂದು ಹೇಳಿ ಬಂದು, ಮತ್ತೆ ಅಕ್ಕನ ಎದುರಿಗೇ ಕೂತ. ಹಿರಿಯರು ಕೂತಿದ್ದರು, ಕಾವೇರಿ ಕೂತಿದ್ದಳು, ಅಮೃತವ್ವ ಕೆಟಲಿ ಹಿಡಿದುಕೊಂಡೇ ಹೊಸ್ತಿಲ ಮೇಲೆ ಕೂತಳು. ಲಕ್ಷ್ಮೀದೇವಿ ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಂಡು, ಊದಿ ಊದಿ, ಆರಾಮವಾಗಿ ಕುಡಿಯತೊಡಗಿದಳು.