ಇನ್ನೂರ ಹದಿನಾರು ಮನೆಗಳ ಕ್ಷೇಮ

ಬಲಗಾಲಿನ ಕಿರುಬೆರಳ ಸಂದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಟೈಲರಮ್ಮ ಪಾದವನ್ನು ಕಿಟಕಿಯ ಬೆಳಕಿಗೆ ತುಸು ವಾಲಿಸಿ ನೋಡಿದಳು. ಆಮೇಲೆ ಒಣಬಟ್ಟೆ ತೆಗೆದುಕೊಂಡು ಮುಂದಿನ ಬೆರಳಿಗೆ ಬಂದಳು.

“ಅತ್ತಿಗೆ, ಇನ್ನು ಸಾಕು ಬಿಡಿ,” ಬಾಗಿಲಲ್ಲಿ ನಿಂತಿದ್ದ ನಾದಿನಿ ಮೂಗೊರೆಸಿಕೊಳ್ಳುತ್ತ ಹೇಳಿದಳು. “ಇನ್ನು ಯಾವ ಗಾಯ ಆಗುತ್ತೆ ಅಂತ ನೋಡ್ತಿದ್ದೀರಿ?”

“ಕೈ ಕೇಳಬೇಕಲ್ಲ. ಮೂವತ್ತೊಂದು ವರ್ಷದ ರೂಢಿ.”

ಮೂವತ್ತೊಂದು ವರ್ಷ ಸಕ್ಕರೆ ಕಾಯಿಲೆ ಇದ್ದ ಯಜಮಾನರು ಹತ್ತೂ ಬೆರಳುಗಳನ್ನು ಉಳಿಸಿಕೊಂಡೇ ಹೋಗಿದ್ದರು. ಅದು ಸಣ್ಣ ಮಾತಲ್ಲ. ದಿನಾ ಸಂಜೆ ಸ್ನಾನ ಮುಗಿಸಿ ಅವರು ಕಾಲು ಚಾಚಿ ಕೂರಬೇಕು, ಇವಳು ಕನ್ನಡಕ ಏರಿಸಿಕೊಂಡು ಹಿಮ್ಮಡಿ, ಅಂಗಾಲು, ಬೆರಳ ಸಂದಿ ಎಲ್ಲವನ್ನೂ ನೋಡಬೇಕು. ಕೂದಲೆಳೆಯಷ್ಟು ಬಿರುಕು ಕಂಡರೂ ಆ ರಾತ್ರಿ ಆಕೆಗೆ ನಿದ್ದೆಯಿಲ್ಲ. “ತನಿಖೆ ಮುಗೀತಾ, ಇನ್ನೂ ಇದೆಯಾ?” ಎಂದು ಅವರು ಪತ್ರಿಕೆಯ ಹಿಂದಿನಿಂದ ಕೇಳುತ್ತಿದ್ದರು. ಮೊನ್ನೆಯೂ ಕೇಳಿದ್ದರು. ನಿನ್ನೆ ಮಧ್ಯಾಹ್ನ ಉಂಡು ಮಲಗಿದವರು ಟೀ ಹೊತ್ತಿಗೆ ಏಳಲಿಲ್ಲ. ಎಪ್ಪತ್ತೊಂಬತ್ತು ವರ್ಷ. ಯಾರ ಕೈಲೂ ಮಾಡಿಸಿಕೊಳ್ಳದೆ ಹೋದರು, ಪುಣ್ಯವಂತರು ಎಂದು ಬಂದವರೆಲ್ಲ ಅನ್ನುತ್ತಿದ್ದರು. ಮೂವತ್ತೊಂದು ವರ್ಷ ಕಾಲು ಹಿಡಿದವಳು ಅದನ್ನು ಕೇಳುತ್ತ ಬಟ್ಟೆ ಹಿಂಡಿದಳು.

ಮಗಳು ಫೋನು ಹಿಡಿದುಕೊಂಡೇ ಒಳಗೆ ಬಂದಳು. “ಅಮ್ಮ, ಮೆಡಿಕಲ್ ಕಾಲೇಜಿನವರು ಹೊರಟಿದ್ದಾರಂತೆ. ಹನ್ನೊಂದಕ್ಕೆಲ್ಲ ಗಾಡಿ ಬರುತ್ತೆ.”

ನಾದಿನಿಗೆ ಅಷ್ಟೇ ಸಾಕಾಯಿತು. “ಮಣ್ಣಿಗೆ ಹೋಗಬೇಕಾದವನನ್ನ ಮೇಜಿನ ಮೇಲೆ ಮಲಗಿಸ್ತೀರಾ? ಮೀಸೆ ಬರದ ಹುಡುಗರು ನಮ್ಮಣ್ಣನ್ನ ಕುಯ್ದು ಕಲೀಬೇಕಾ? ನಾಳೆ ನಮಗೆ ಅವನ್ನ ನೆನೆದು ಒಂದು ಹೂ ಇಡೋಕೆ ಜಾಗ ಎಲ್ಲಿದೆ?”

“ಅಪ್ಪನೇ ಬರೆದಿಟ್ಟದ್ದು ಅತ್ತೆ.”

“ಅವನು ಬರೀತಾನೆ. ಹುಟ್ಟಿದಾಗಿನಿಂದ ಬರೆಯೋದೇ ಅವನ ಕೆಲಸ!”

ಟೈಲರಮ್ಮ ಮುಂದಿನ ಬೆರಳು ಒರೆಸಿದಳು. ನಿಜ ಹೇಳಬೇಕೆಂದರೆ ನಾದಿನಿಯ ಮಾತು ಅವಳಿಗೂ ಸರಿಯೆನಿಸಿತ್ತು. ದೇಹದಾನದ ಆ ಕಾಗದ ಬೀರುವಿನಲ್ಲಿತ್ತು. ಅವರ ಸಹಿಯ ಕೆಳಗೆ ಇವಳ ಸಹಿಗೆಂದು ಜಾಗ ಬಿಟ್ಟಿದ್ದರು. ಅದನ್ನು ತಂದ ದಿನ ಅವರು ಎದುರು ಕೂರಿಸಿಕೊಂಡು ಒಂದಕ್ಷರ ಬಿಡದೆ ಓದಿ ಹೇಳಿ, ಕೊನೆಗೆ ಅಂದಿದ್ದರು: “ಈಗ ಹಾಕಬೇಡ. ಆ ದಿನ ಮನಸ್ಸು ಒಪ್ಪಿದರೆ ಹಾಕು. ಒಪ್ಪದಿದ್ದರೆ ಹರಿದುಬಿಡು. ನನಗೇನೂ ಬೇಜಾರಿಲ್ಲ. ಬೇಜಾರು ಮಾಡ್ಕೊಳ್ಳೋಕೆ ನಾನೆಲ್ಲಿರ್ತೀನಿ?”

ಮನಸ್ಸು ಇನ್ನೂ ಒಪ್ಪಿರಲಿಲ್ಲ.

*

ಯಜಮಾನರು ಕ್ಯಾನ್ಸರ್ ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಗುಮಾಸ್ತರಾಗಿದ್ದರು. ಮೆಟ್ಟಿಲ ಕೆಳಗೊಂದು ಕೋಣೆ, ಅದರಲ್ಲಿ ಒಂದು ಮೇಜು, ಒಂದು ಕಪ್ಪು ಫೋನು, ಬಾಗಿಲು ಸರಿಯಾಗಿ ಮುಚ್ಚದ ಕಬ್ಬಿಣದ ಬೀರು. ಆಪರೇಷನ್ ಮಾಡಿಸಿಕೊಂಡು ಮನೆಗೆ ಹೋದವರು ಆಮೇಲೆ ಹೇಗಿದ್ದಾರೆಂದು ವಿಚಾರಿಸಿ ಬರೆದಿಡುವುದೇ ಕೆಲಸ. ಫೋನೆತ್ತಿದರೆ ಮೊದಲ ಮಾತು “ಹೇಗಿದ್ದೀರಿ?” ಹಾಗಾಗಿ ರೋಗಿಗಳ ಬಾಯಲ್ಲಿ ಅವರು ‘ಹೇಗಿದ್ದೀರಣ್ಣ’ ಆಗಿಬಿಟ್ಟರು.

ಆಗ ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ ಒಂದು ಅಧ್ಯಯನ ಹಿಡಿದಿದ್ದರು. ಸ್ತನದಲ್ಲಿ ಕ್ಯಾನ್ಸರ್ ಗಡ್ಡೆ ಅಂದರೆ ಇಡೀ ಸ್ತನವನ್ನೇ ತೆಗೆಯುವುದು ಆ ಕಾಲದ ರೂಢಿ. ಗಡ್ಡೆಯನ್ನಷ್ಟೇ ತೆಗೆದು ಕಿರಣ ಚಿಕಿತ್ಸೆ ಕೊಟ್ಟರೆ ಸಾಲದೇ ಎಂಬುದು ಡಾಕ್ಟರಮ್ಮನ ಪ್ರಶ್ನೆ. ಇನ್ನೂರ ಹದಿನೆಂಟು ಹೆಂಗಸರು ಒಪ್ಪಿ ಸೇರಿದರು. ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ದೊಡ್ಡ ಆಪರೇಷನ್, ಅರ್ಧ ಜನಕ್ಕೆ ಸಣ್ಣದು. ಹತ್ತು ವರ್ಷ ಕಾದು, ಎರಡೂ ಕಡೆ ಎಷ್ಟು ಜನ ಬದುಕಿ ಬಾಳಿದರೆಂದು ನೋಡಬೇಕು.

ಎರಡನೇ ವರ್ಷಕ್ಕೇ ನಲವತ್ತಮೂರು ಜನ ತಪಾಸಣೆಗೆ ಬರುವುದನ್ನು ನಿಲ್ಲಿಸಿದರು. ಅವರಲ್ಲಿ ಮೂವತ್ತೆಂಟು ಜನ ದೊಡ್ಡ ಆಪರೇಷನ್ ಆದವರು. ಡಾಕ್ಟರಮ್ಮ ತಲೆ ಹಿಡಿದುಕೊಂಡು ಕೂತರು. “ಒಂದೇ ಕಡೆಯವರು ಹೀಗೆ ತಪ್ಪಿಹೋದರೆ, ಅವರು ಸತ್ತರೋ ಬದುಕಿದರೋ ಗೊತ್ತಾಗದಿದ್ದರೆ, ನಾವು ಮಾಡಿದ್ದೆಲ್ಲ ಹೊಳೇಲಿ ಹುಣಸೇಹಣ್ಣು ಕಿವುಚಿದ ಹಾಗೆ.”

ಯಜಮಾನರು ಮನೆಮನೆಗೆ ಹೊರಟರು. ಕೈಯಲ್ಲಿ ಫೈಲು ಹಿಡಿದ ಗಂಡಸು ಬಂದು ಮನೆಯ ಹೆಂಗಸನ್ನು ವಿಚಾರಿಸಿದರೆ ಅಕ್ಕಪಕ್ಕದ ಕಿಟಕಿಗಳೆಲ್ಲ ತೆರೆದುಕೊಳ್ಳುತ್ತಿದ್ದವು. ಕಾಯಿಲೆಯನ್ನು ಅತ್ತೆಗೂ ಹೇಳದೆ ಬಚ್ಚಿಟ್ಟುಕೊಂಡವರಿದ್ದರು. ಒಬ್ಬಾಕೆ ಕದ ಮುಚ್ಚಿಕೊಂಡಳು, ಇನ್ನೊಬ್ಬಾಕೆ ತಾನು ಅವಳಲ್ಲವೇ ಅಲ್ಲ ಅಂದಳು. ಒಂದು ವಾರ ಸುತ್ತಿ ನಾಲ್ಕೇ ಜನರ ಸುದ್ದಿ ತಂದ ಸಂಜೆ ಅವರು ಮನೆಯಲ್ಲಿ ಕೂತು, ಕತ್ತಿನಲ್ಲಿ ಟೇಪು ನೇತುಹಾಕಿಕೊಂಡು ಬಟ್ಟೆ ಕತ್ತರಿಸುತ್ತಿದ್ದ ಹೆಂಡತಿಯನ್ನೇ ಬಹಳ ಹೊತ್ತು ನೋಡಿದರು.

“ಏನು, ಹೊಸದಾಗಿ ನೋಡೋ ಹಾಗೆ?”

“ನಾಳೆ ನನ್ನ ಜೊತೆ ಬರ್ತೀಯಾ? ಟೇಪು ಕತ್ತಿಗೆ ಹಾಕ್ಕೊಂಡೇ ಬಾ. ಟೈಲರ್ ಬಂದಿದ್ದಾಳೆ ಅಂದ್ರೆ ಯಾರೂ ಏನೂ ಕೇಳಲ್ಲ.”

ಅವಳು ಬೈದಳು. ಮಾರನೇ ದಿನ ಹೋದಳು.

ಮೊದಲ ಮನೆಯ ಹೆಂಗಸು ಬೇಕರಿ ನಡೆಸುವವಳು, ದೊಡ್ಡ ದನಿಯವಳು. ಈಗ ಅಂಗಡಿಗೂ ಬರದೆ ಹಿಂದಿನ ಕೋಣೆಯಲ್ಲಿ ಹಿಟ್ಟು ನಾದುತ್ತ ಇದ್ದುಬಿಟ್ಟಿದ್ದಳು. ಯಜಮಾನರು ಹೊರಗೇ ನಿಂತರು. ಒಳಗೆ ಟೈಲರಮ್ಮ ನಾಟಕಕ್ಕೆಂದು ಟೇಪು ಬಿಚ್ಚಿದರೆ ಬೇಕರಿಯಮ್ಮ ಅವಳ ಕೈ ಹಿಡಿದುಕೊಂಡಳು.

“ಅಳತೆ ತಗೊಳ್ಳೋದಾದ್ರೆ ನಿಜವಾಗಿ ತಗೊಳ್ಳಮ್ಮ. ನನಗೆ ಆಸ್ಪತ್ರೆ ಭಯ ಇಲ್ಲ, ಬೀದಿ ಭಯ. ಎದುರು ಬಂದವರೆಲ್ಲ ಇಲ್ಲೇ ನೋಡ್ತಾರೆ. ಹಳೇ ಬಟ್ಟೆ ತುರುಕಿದ್ರೆ ನಾಲ್ಕು ಹೆಜ್ಜೆ ಹಾಕೋದ್ರಲ್ಲಿ ಕತ್ತಿಗೆ ಬಂದು ಕೂರುತ್ತೆ. ನಿಮ್ಮ ಡಾಕ್ಟರುಗಳಿಗೆ ಇದೆಲ್ಲ ಎಲ್ಲಿ ಗೊತ್ತಾಗ್ಬೇಕು?”

ಟೈಲರಮ್ಮ ಮನೆಗೆ ಬಂದವಳೇ ಹೊಲಿಗೆ ಯಂತ್ರದ ಮುಂದೆ ಕೂತಳು. ಒಳಬಟ್ಟೆಗೊಂದು ಜೇಬು, ಜೇಬಿನೊಳಗೆ ಹತ್ತಿಯ ಚೀಲ. ಹತ್ತಿ ಹಗುರ, ನಿಲ್ಲಲಿಲ್ಲ. ತೂಕಕ್ಕೆಂದು ಅಡುಗೆಮನೆಯ ಸಾಸಿವೆ ತುಂಬಿ ಹೊಲಿದಳು. ಸರಿಯಾಗಿ ಕೂತಿತು. ಬೇಕರಿಯಮ್ಮ ಎರಡು ವರ್ಷದ ಮೇಲೆ ಮೊದಲ ಸಲ ಅಂಗಡಿಯ ಗಲ್ಲಾದಲ್ಲಿ ಕೂತಳು, ಅದೇ ವಾರ ತಪಾಸಣೆಗೂ ಬಂದಳು. ತಿಂಗಳು ಕಳೆಯುವುದರಲ್ಲಿ ಮತ್ತೆ ಬಂದು, ಡಾಕ್ಟರಮ್ಮನ ಕೋಣೆಯಲ್ಲಿ ಆಸ್ಪತ್ರೆಗೆಲ್ಲ ಕೇಳುವ ಹಾಗೆ ಕೂಗಿದಳು: “ಡಾಕ್ಟರಮ್ಮ, ಎದೇಲಿ ಮತ್ತೆ ಏನೋ ಬೆಳೀತಿದೆ!”

ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತು. ನೋಡಿದರೆ, ಒಗೆದ ಬಟ್ಟೆ ಸರಿಯಾಗಿ ಒಣಗದೆ ಸಾಸಿವೆ ಮೊಳಕೆಯೊಡೆದು ಹೊಲಿಗೆಯ ಸಂದಿಯಿಂದ ಹಸಿರು ಕುಡಿ ಇಣುಕುತ್ತಿತ್ತು.

ಆಮೇಲೆ ಟೈಲರಮ್ಮ ಗಾಜಿನ ಮಣಿ ತುಂಬಿದಳು. ತಪ್ಪಿಹೋದ ನಲವತ್ತಮೂರು ಮನೆಗೂ ಗಂಡಹೆಂಡತಿ ಹೋದರು. “ಬನ್ನಿ” ಎಂದು ಯಜಮಾನರು ಯಾರನ್ನೂ ಒತ್ತಾಯಿಸಲಿಲ್ಲ. ಬರಲ್ಲ ಅನ್ನೋದು ಅವರ ಹಕ್ಕು, ಕೇಳೋದಷ್ಟೇ ನನ್ನ ಕೆಲಸ ಎನ್ನುತ್ತಿದ್ದರು. ಒಬ್ಬಾಕೆ ಇನ್ನು ಈ ಕಡೆ ಬರಬೇಡಿ ಎಂದಾಗ ಕೈಮುಗಿದು ತಿರುಗಿ ಬಂದರು, ಮತ್ತೆ ಆ ಬೀದಿ ತುಳಿಯಲಿಲ್ಲ. ಇನ್ನೊಬ್ಬಾಕೆ ಊರು ಬಿಟ್ಟು ಎಲ್ಲಿಗೆ ಹೋದಳೋ ಕೊನೆಗೂ ತಿಳಿಯಲಿಲ್ಲ. ಉಳಿದ ಇನ್ನೂರ ಹದಿನಾರು ಮನೆಗಳ ಸುದ್ದಿ ಹತ್ತು ವರ್ಷ ಬಿಡದೆ ಆ ಬೀರು ಸೇರಿತು. ಸತ್ತವರ ಮನೆಗೂ ಹೋಗಿ ಕೂತು ಬಂದರು. ಲೆಕ್ಕ ಹಾಕಿದಾಗ ಎರಡೂ ಕಡೆಯವರು ಸರಿಸುಮಾರು ಒಂದೇ ಸಮ ಬದುಕಿದ್ದರು. ಬೇರೆ ಆಸ್ಪತ್ರೆಗಳಲ್ಲೂ ಇಂಥದೇ ಉತ್ತರ ಬಂದಿತ್ತು. ಆಮೇಲೆ ಅಲ್ಲಿ ಸಣ್ಣ ಗಡ್ಡೆಗೆ ಸಣ್ಣ ಆಪರೇಷನ್ನೇ ರೂಢಿಯಾಯಿತು.

ಅಚ್ಚಾದ ಪುಟದ ಕೊನೆಯಲ್ಲಿ, ಯಾರೂ ಓದದ ಸಣ್ಣಕ್ಷರದಲ್ಲಿ, ಗುಮಾಸ್ತರಿಗೆ ವಂದನೆ ಎಂದಿತ್ತು. ಅದರ ಪಕ್ಕ “ಮತ್ತು ಒಬ್ಬ ಟೈಲರ್‌ಗೆ” ಎಂದು ಸೇರಿಸಲು ಯಜಮಾನರು ಡಾಕ್ಟರಮ್ಮನ ಹತ್ತಿರ ಮೂರು ದಿನ ಜಗಳವಾಡಿದ್ದರು.

*

ಹತ್ತೂವರೆಗೆ ಬೀದಿಯಲ್ಲಿ ಗಲಗಲ ಕೇಳಿಸಿತು. ಐದು ಜನ ಮುದುಕಿಯರು ಒಬ್ಬರ ಹಿಂದೊಬ್ಬರು ಗೇಟು ದಾಟಿ ಬಂದರು. ಎಲ್ಲರಿಗಿಂತ ಮುಂದೆ ಬೇಕರಿಯಮ್ಮ. ಎಂಬತ್ತು ದಾಟಿದ್ದರೂ ದನಿಗೆ ಮಾತ್ರ ಒಂದು ನರೆಯೂ ಬಂದಿರಲಿಲ್ಲ.

“ಎಲ್ಲಿ ನಮ್ಮಣ್ಣ?” ಎಂದು ಒಳಗೆ ಬಂದು, ಮಲಗಿಸಿದ್ದವರ ತಲೆಯ ಬಳಿ ನಿಂತು ಸ್ವಲ್ಪ ಹೊತ್ತು ನೋಡಿದಳು. “ಹೇಗಿದ್ದೀರಣ್ಣ?” ಎಂದಳು ಮೆಲ್ಲಗೆ. ಕಣ್ಣೊರೆಸಿಕೊಂಡಳು.

ನಾದಿನಿ ಮಗಳ ಕಿವಿಯಲ್ಲಿ, “ಯಾರೇ ಇವರೆಲ್ಲ?” ಎಂದದ್ದು ಬೇಕರಿಯಮ್ಮನಿಗೆ ಕೇಳಿಸಿಬಿಟ್ಟಿತು.

“ನಾವಾ? ನಿಮ್ಮಣ್ಣ ಹತ್ತು ವರ್ಷ ಬಿಡದೆ ಹಿಂದೆ ಬಿದ್ದಿದ್ದ ಹೆಂಗಸರು ತಾಯಿ.”

ನಾದಿನಿ ಎರಡು ಹೆಜ್ಜೆ ಹಿಂದೆ ಸರಿದಳು. ಐವರಲ್ಲೊಬ್ಬಳು ನಿವೃತ್ತ ಹೆಡ್‌ಮಿಸ್ಟ್ರೆಸ್. “ಸಾವಿನ ಮನೇಲೂ ನಿನ್ನ ನಾಲಿಗೆಗೆ ಲಗಾಮಿಲ್ವಲ್ಲೇ,” ಎಂದು ಗದರಿ ಸಂಗತಿಯನ್ನು ಸರಿಯಾಗಿ ವಿವರಿಸಲು ಹೊರಟಳು. ಆದರೆ ಮೊಳಕೆಯ ಭಾಗ ಬರುವಷ್ಟರಲ್ಲಿ ಬೇಕರಿಯಮ್ಮ ಕತೆಯನ್ನು ಕಿತ್ತುಕೊಂಡಿದ್ದಳು. ಮೂಲೆಯಲ್ಲಿ ಗಂಭೀರವಾಗಿ ಕೂತಿದ್ದ ಗಂಡಸರ ಭುಜಗಳೂ ಅಲುಗಿದವು. ನಾದಿನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ನಕ್ಕಿದ್ದಕ್ಕೆ ಮತ್ತೆ ಅತ್ತಳು.

ಹನ್ನೊಂದಕ್ಕೆ ಗಾಡಿ ಬಂತು. ಇಳಿದವಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಅಂಗರಚನೆಯ ಪಾಠ ಹೇಳುವ ಮೇಡಂ. ಚಪ್ಪಲಿ ಬಿಟ್ಟು ಒಳಗೆ ಬಂದಳು. ಮಗಳು ಬೀರುವಿನಿಂದ ತೆಗೆದುಕೊಟ್ಟ ಕಾಗದವನ್ನು ಟೈಲರಮ್ಮನ ಮುಂದಿಟ್ಟು ನಿಧಾನವಾಗಿ ಓದಿದಳು. “ಈಗಲೂ ಬೇಡ ಅನ್ನಬಹುದಮ್ಮ. ಗಾಡಿ ಖಾಲಿ ವಾಪಸ್ ಹೋಗುತ್ತೆ, ಅಷ್ಟೇ. ನಾನೇನೂ ಅಂದ್ಕೊಳ್ಳಲ್ಲ.”

ಆ ಮಾತನ್ನು ಟೈಲರಮ್ಮ ಯಜಮಾನರ ಬಾಯಲ್ಲೂ ಕೇಳಿದ್ದಳು. ಆದರೂ ಪೆನ್ನು ಹಿಡಿಯಲಿಲ್ಲ. “ಅವರ ವಿಷಯ ನಿಮಗೇನು ಗೊತ್ತು?” ಎಂದು ಕೇಳಿದಳು.

“ಏನೂ ಗೊತ್ತಿಲ್ಲ. ನೀವು ಹೇಳಿದ್ರೆ ಬರ್ಕೋತೀನಿ.”

ಟೈಲರಮ್ಮ ಹೇಳತೊಡಗಿದಳು. ಎಡಗಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಬಲಗಣ್ಣಿಗೆ ಮಾಡಿಸಿ ಅಂದರೆ ಕೇಳಲಿಲ್ಲ. ಹೊಟ್ಟೆಯ ಬಲಕ್ಕೆ ಹರ್ನಿಯಾ ಹೊಲಿಗೆ, ಐವತ್ತೆರಡನೇ ವಯಸ್ಸಿನಲ್ಲಿ. ಆ ಡಾಕ್ಟರ ಹೊಲಿಗೆ ಅಷ್ಟು ನೀಟಾಗಿಲ್ಲ, ನಾನಾಗಿದ್ದರೆ ಬಿಚ್ಚಿ ಹೊಲಿಯುತ್ತಿದ್ದೆ. ಬಲಗಿವಿ ಸ್ವಲ್ಪ ಮಂದ, ಫೋನು ಒತ್ತಿ ಒತ್ತಿ. ಸಕ್ಕರೆ ಮೂವತ್ತೊಂದು ವರ್ಷದಿಂದ. ಮೇಡಂ ಒಂದನ್ನೂ ಬಿಡದೆ ಬರೆದುಕೊಂಡಳು. ಸಕ್ಕರೆ ಎಂದಾಗ ತಲೆಯೆತ್ತಿದಳು.

“ಮೂವತ್ತೊಂದು ವರ್ಷವಾ? ಕಾಲು ನೋಡಬಹುದಾ?”

ಹೊದಿಕೆ ಸರಿಸಿ, ಮಂಡಿಯೂರಿ ಕೂತು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಹಿಮ್ಮಡಿಯ ಕೆಳಗೆ ಕೈಯಿಟ್ಟು ಎತ್ತಿ ನೋಡಿದಳು.

“ಒಂದು ಹುಣ್ಣಿನ ಗುರುತೂ ಇಲ್ಲ,” ಎಂದಳು, ತನಗೆ ತಾನೇ ಹೇಳಿಕೊಳ್ಳುವ ಹಾಗೆ. “ಕತ್ತರಿಸಿದ ಬೆರಳು ನೋಡೀ ನೋಡೀ ನಮ್ಮ ಹುಡುಗರಿಗೆ ಸಕ್ಕರೆ ಕಾಯಿಲೆ ಅಂದ್ರೆ ಅಷ್ಟೇ ಅನ್ನಿಸಿದೆ. ಈ ಪಾದ ತೋರಿಸಬೇಕು ಅವರಿಗೆ. ಇದನ್ನ ನೋಡ್ಕೊಂಡವರು ಯಾರು?”

ಎಲ್ಲರ ಕಣ್ಣೂ ಟೈಲರಮ್ಮನತ್ತ ತಿರುಗಿತು. ಬೇಕರಿಯಮ್ಮನದೂ.

“ಪೆನ್ನು ಕೊಡಿ,” ಎಂದಳು ಟೈಲರಮ್ಮ.

“ಅತ್ತಿಗೆ…” ಎಂದು ನಾದಿನಿ ಮುಂದೆ ಬಂದಳು.

“ನಿಮ್ಮಣ್ಣ ಯಾವತ್ತಾದ್ರೂ ಒಂದು ಕಡೆ ಸುಮ್ನೆ ಕೂತಿದ್ದು ನೋಡಿದ್ದೀರಾ? ಮಣ್ಣಲ್ಲಿ ಮಾತ್ರ ಸುಮ್ನೆ ಮಲಗ್ತಾರಾ? ಹೂ ಇಡೋಕೆ ಜಾಗ ಬೇಕು ಅಂದ್ರೆ ಈ ಕಿಟಕಿ ಇದೆ, ಬನ್ನಿ. ಯಾವಾಗ ಬೇಕಾದ್ರೂ ಬನ್ನಿ.”

ಕಾಗದದ ಖಾಲಿ ಜಾಗದಲ್ಲಿ, ಬಟ್ಟೆಯ ಮೇಲೆ ಗೆರೆ ಎಳೆಯುವ ಹಾಗೆ ಒತ್ತಿ, ಸಹಿ ಹಾಕಿದಳು. ಅವರನ್ನು ಎತ್ತುವಾಗ ನಾದಿನಿಯೂ ಒಂದು ಕೈ ಕೊಟ್ಟಳು. ಗಾಡಿಯ ಬಾಗಿಲು ಮುಚ್ಚುವವರೆಗೂ ಮಗಳು ಅಮ್ಮನ ಭುಜ ಬಿಡಲಿಲ್ಲ. ಗಾಡಿ ಹೋದ ಮೇಲೆ ಟೈಲರಮ್ಮ ಅತ್ತಳು, ಬೇಕಾದಷ್ಟು ಅತ್ತಳು. ಆಮೇಲೆ ಮುಖ ತೊಳೆದು ಬಂದು ಐವರಿಗೂ ಟೀ ಸೋಸಿ ಕೊಟ್ಟಳು. ಅವರು ಅಲ್ಲೇ ಕಾಲು ಚಾಚಿ ಕೂತು, ಮೊಮ್ಮಕ್ಕಳ ವಿಷಯ, ಮಂಡಿನೋವಿನ ವಿಷಯ ಮಾತಾಡಿದರು. ಹೆಡ್‌ಮಿಸ್ಟ್ರೆಸ್ ಗಡಿಯಾರ ನೋಡಿ, “ಅಯ್ಯೋ, ಒಂದೂ ಕಾಲರ ಬಸ್ಸು!” ಎನ್ನುವವರೆಗೂ.

ಗಡಿಬಿಡಿಯಲ್ಲಿ ಚಪ್ಪಲಿಗಳು ಅದಲುಬದಲಾದವು. ಟೈಲರಮ್ಮ ಗೇಟಿನವರೆಗೆ ಬಂದು ನಿಂತಳು. ಬೀದಿಯ ತುದಿಯಲ್ಲಿ ಬಸ್ಸು ಆಗಲೇ ಬಂದಿತ್ತು, ಹೊರಡಲು ಹೊಗೆ ಬಿಡುತ್ತಿತ್ತು. ಐದೂ ಜನ ಮುದುಕಿಯರು ಓಡತೊಡಗಿದರು. ಒಬ್ಬಳು ಚೀಲವನ್ನು ಎದೆಗವಚಿಕೊಂಡು, ಒಬ್ಬಳು ಒಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಹೆಡ್‌ಮಿಸ್ಟ್ರೆಸ್ ಎಲ್ಲರಿಗಿಂತ ಮುಂದೆ. ಹಿಂದೆ ಬಿದ್ದ ಬೇಕರಿಯಮ್ಮ ಬೀದಿಯ ನಟ್ಟನಡುವೆ ನಿಂತು, ಎರಡೂ ಕೈ ತಲೆಯ ಮೇಲೆತ್ತಿ ಬೀಸುತ್ತ, “ನಿಲ್ಸಪ್ಪಾ, ಇನ್ನೂ ನಾವಿದ್ದೀವಿ!” ಎಂದು ಕೂಗಿದಳು. ಬಸ್ಸು ನಿಂತಿತು. ಒಬ್ಬರ ಬೆನ್ನಿಗೊಬ್ಬರು ಕೈಕೊಟ್ಟುಕೊಂಡು ಐವರೂ ಹತ್ತಿದರು.