ಮನೆಮನೆಗೂ ನಿಂತ ಮಹಾರಾಜ

ತನ್ನ ಕುದುರೆ ಸಿನಿಮಾದಲ್ಲಿ ಪಾತ್ರ ಮಾಡಿ ಬಂದ ದಿನದಿಂದ ಹಾಲಿನವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಪಾತ್ರವೂ ಸಣ್ಣದೇನಲ್ಲ. ಊರಾಚೆಯ ಬಯಲಿನಲ್ಲಿ ರಟ್ಟಿನ ಕೋಟೆ ಎಬ್ಬಿಸಿ ಹಳೆಯ ಕಾಲದ ಕತ್ತಿಕಾಳಗ ತೆಗೆಯಲು ಬಂದಿದ್ದವರ ಬಿಳಿ ಕುದುರೆ ಹೊಟ್ಟೆ ಕೆಟ್ಟು ಮಲಗಿಬಿಟ್ಟಿತ್ತು. ಊರೆಲ್ಲ ಅಲೆದು ಕೊನೆಗೆ ಅವರು ಬಂದು ನಿಂತದ್ದು ಹಾಲಿನವನ ಲಾಯದ ಬಾಗಿಲಿಗೆ. ಊರಲ್ಲಿ ಬಿಳಿ ಕುದುರೆ ಅಂತ ಇದ್ದದ್ದು ಅದೊಂದೇ. ಹೆಣ್ಣು ಕುದುರೆ, ವಯಸ್ಸಾಗಿತ್ತು, ಹೊಟ್ಟೆ ಜೋತುಬಿದ್ದಿತ್ತು. ಹಾಲಿನ ಗಾಡಿ ಎಳೆದುಕೊಂಡು ದಿನಾ ಮನೆ ಮುಂದೆ ಬರುವ ಅದನ್ನು ಊರಿನವರು ಸಲಿಗೆಯಿಂದ ಅಕ್ಕ ಎನ್ನುತ್ತಿದ್ದರು. ಮಹಾರಾಜನ ಗಂಡುಗುದುರೆಯ ಪಾತ್ರ ಹೀಗೆ ಅಕ್ಕನ ಪಾಲಿಗೆ ಬಂತು.

ಚಿತ್ರೀಕರಣ ನಡೆದಾಗ ಹಾಲಿನವನನ್ನು ಒಳಗೆ ಬಿಡಲಿಲ್ಲ. ಹಗ್ಗದ ಈಚೆ ಕೂರಿಸಿ ಚಹಾ ಕೊಟ್ಟರು. ಕೋಟೆಯ ಆಚೆಯಿಂದ ಕತ್ತಿಗಳ ಸದ್ದು, ಯಾರೋ ಬೈಯುವುದು, ಮತ್ತೆ ಕತ್ತಿಗಳ ಸದ್ದು, ಮತ್ತೆ ಬೈಗುಳ ಕೇಳಿಸಿತು. ಯುದ್ಧವೆಂದರೆ ಹೀಗೇ ಇರಬೇಕು ಎಂದುಕೊಂಡು ಅವನು ಇನ್ನೊಂದು ಲೋಟ ಚಹಾ ಕೇಳಿದ. ಸಂಜೆ ಟೋಪಿಯವನೊಬ್ಬ ಅಕ್ಕನ ಲಗಾಮು ತಂದು ಕೈಗಿತ್ತು, ಇಂಥ ಕುದುರೆಯನ್ನು ನಮ್ಮ ಜನ್ಮದಲ್ಲಿ ನೋಡಿರಲಿಲ್ಲ ಅಂದ. ಹಾಲಿನವನು ಅದನ್ನು ಹೊಗಳಿಕೆ ಎಂದೇ ತಿಳಿದ.

ಆಮೇಲೆ ಹಾಲಿಗಿಂತ ಹೆಚ್ಚಾಗಿ ಅವನು ಮನೆಮನೆಗೆ ಹಂಚಿದ್ದು ಅಕ್ಕನ ಪ್ರತಾಪವನ್ನೇ. ಮೊದಮೊದಲು ಅಕ್ಕ ರಾಜನನ್ನು ಹೊತ್ತು ಓಡಿದ್ದಳು. ಸ್ವಲ್ಪ ದಿನ ಕಳೆಯುವಷ್ಟರಲ್ಲಿ ಕಂದಕ ಹಾರಿದ್ದಳು. ಬೇಸಿಗೆ ಬರುವ ಹೊತ್ತಿಗೆ ಉರಿಯುವ ಬೆಂಕಿಯೊಳಗಿಂದ ರಾಜನನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ತಂದಿದ್ದಳು.

ಈ ಬಡಾಯಿಗೆ ಒಂದು ಕಾರಣವಿತ್ತು. ಅಕ್ಕ ಹೆಂಡತಿಯ ತವರಿನಿಂದ ಬಂದವಳು. ಮರಿಯಾಗಿದ್ದಾಗ ಸಾಕಿದ್ದು ಹೆಂಡತಿಯ ಅಣ್ಣ. ಆದ್ದರಿಂದ ಅಕ್ಕನ ವಿಷಯದಲ್ಲಿ ಈ ಭಾವನ ಮಾತು ನಡೆಯುತ್ತಿತ್ತು. ಭಾವ ಈಗ ಮೂರು ಚಕ್ರದ ಮೋಟಾರು ಗಾಡಿ ಇಟ್ಟುಕೊಂಡಿದ್ದ. ಈ ಕಾಲದಲ್ಲಿ ಕುದುರೆ ಕಟ್ಟಿ ಹಾಲು ಹಾಕುವುದು ತನ್ನ ತಂಗಿಯ ಮನೆತನಕ್ಕೇ ನಾಚಿಕೆ, ಮುದಿ ಪ್ರಾಣಿಯನ್ನು ಮಾರಿ ಮೋಟಾರು ತಗೋ ಎಂದು ಬಂದಾಗಲೆಲ್ಲ ತಲೆ ತಿನ್ನುತ್ತಿದ್ದ. ಹಾಲಿನವನಿಗೆ ಅಕ್ಕನನ್ನು ಬಿಟ್ಟರೆ ಕೈಕಾಲು ಆಡದು. ಸಿನಿಮಾ ಕುದುರೆ ಅಂತ ಹೆಸರಾದರೆ ಮಾರು ಅನ್ನುವ ಬಾಯಿ ತಾನಾಗಿ ಮುಚ್ಚುತ್ತದೆ ಎಂಬುದು ಅವನ ಲೆಕ್ಕಾಚಾರ.

ಲೆಕ್ಕಾಚಾರ ತಲೆಕೆಳಗಾಯಿತು. ಪಕ್ಕದ ಊರಿನಲ್ಲಿ ಡೇರೆ ಹಾಕಿದ್ದ ಸರ್ಕಸ್ಸಿನ ಯಜಮಾನನ ಕಿವಿಗೆ ಈ ಪ್ರತಾಪವೆಲ್ಲ ಬಿತ್ತು. ಅವನಿಗೊಂದು ಬಿಳಿ ಕುದುರೆ ಬೇಕಾಗಿತ್ತು. ಅದು ಸುತ್ತು ಹಾಕುತ್ತಿರಬೇಕು, ಅದರ ಬೆನ್ನ ಮೇಲೆ ಹುಡುಗಿಯೊಬ್ಬಳು ಒಂಟಿಕಾಲಲ್ಲಿ ನಿಲ್ಲಬೇಕು. ಅವನು ನೇರವಾಗಿ ಭಾವನನ್ನು ಹುಡುಕಿಕೊಂಡು ಹೋದ. ಹಾಲಿನ ಗಾಡಿಯ ಸುದ್ದಿ ಎತ್ತದೆ, ನಮ್ಮ ಭಾವಮೈದ ಜಾತಿ ಕುದುರೆ ಸಾಕುವವನು ಎಂದು ಹೇಳಿ ಭಾವ ಮಾರಾಟಕ್ಕೆ ಮಾತು ಕೊಟ್ಟುಬಿಟ್ಟ. ಸಿನಿಮಾ ಆ ಭಾನುವಾರವೇ ಊರಿನ ಟಾಕೀಸಿಗೆ ಬರುವುದಿತ್ತು; ಮಧ್ಯಾಹ್ನದ ಆಟಕ್ಕೆ ಎಲ್ಲರೂ ಕೂತು ನೋಡುವುದು, ಕುದುರೆ ಹೇಳಿದಷ್ಟು ಚೆನ್ನಾಗಿದ್ದರೆ ಅಲ್ಲಿಂದಲೇ ಲಾಯಕ್ಕೆ ಹೋಗಿ ಹೊಡೆದುಕೊಂಡು ಹೋಗುವುದು ಎಂದಾಯಿತು.

ಹಾಲಿನವನು ಹೆಂಡತಿಯ ಮುಂದೆ ಗೋಗರೆದ. ನಿಮ್ಮಣ್ಣನಿಗೆ ನೀನಾದರೂ ಒಂದು ಮಾತು ಹೇಳು ಅಂದ. ಅವಳು ಪಾತ್ರೆ ತಿಕ್ಕುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

“ಬೆಂಕಿಯಿಂದ ರಾಜನ್ನ ಕಚ್ಚಿ ತಂದ್ಲು ಅಂತ ಊರಿಗೆಲ್ಲ ಹೇಳಿದ್ದು ನಾನಾ?”

ಭಾನುವಾರ ಟಾಕೀಸಿನ ಒಂದೇ ಸಾಲಿನಲ್ಲಿ ಸರ್ಕಸ್ಸಿನ ಯಜಮಾನ, ಭಾವ, ಹಾಲಿನವನು, ಹೆಂಡತಿ ಹೀಗೆ ಕೂತರು. ಸಿನಿಮಾದ ಹೆಸರಿನಲ್ಲಿ ಕತ್ತಿಯೂ ಇತ್ತು, ರಕ್ತವೂ ಇತ್ತು. ಒಳಗೆ ಕತ್ತಿ ಗಾಳಿಗೆ ಬಳುಕುತ್ತಿತ್ತು, ರಕ್ತ ಸಿಂಪಡಿಸಿದ ಕಡೆ ನೊಣಗಳು ಕೂತಿದ್ದವು. ಕೋಟೆಯ ಬಾಗಿಲನ್ನು ಆನೆ ಗುದ್ದುವ ಮೊದಲೇ ಬಾಗಿಲು ಬಿದ್ದಿತು; ಆನೆ ಪಾಪ, ಏನು ಮಾಡುವುದೆಂದು ತಿಳಿಯದೆ ಸೊಂಡಿಲು ಆಡಿಸಿತು. ಮಹಾರಾಜನ ಮೀಸೆ ಸಿಂಹಾಸನದಲ್ಲಿ ಕೂತಾಗ ಒಂದು ಅಳತೆ, ಎದ್ದಾಗ ಇನ್ನೊಂದು. ಊರಿನ ದರ್ಜಿ ಸೈನಿಕನ ವೇಷದಲ್ಲಿ ರಾಜನ ಪರವಾಗಿ ಸತ್ತ, ಶತ್ರುವಿನ ಪರವಾಗಿಯೂ ಸತ್ತ. ಎರಡನೆಯ ಸಲ ಹೆಣವಾಗಿ ಮಲಗಿದ್ದಾಗ ಇರುವೆ ಹತ್ತಿರಬೇಕು, ಒಂದು ಕಾಲಿನಿಂದ ಇನ್ನೊಂದನ್ನು ನಿಧಾನವಾಗಿ ಕೆರೆದುಕೊಂಡ. ದರ್ಜಿಯ ಹೆಂಡತಿ, ಮನೆಯಲ್ಲೂ ಮಲಗಿದರೆ ಹೀಗೇ ಎಂದು ಪಕ್ಕದವಳಿಗೆ ವರದಿ ಒಪ್ಪಿಸಿದಳು.

ಆಮೇಲೆ ಅಕ್ಕ ಬಂದಳು. ಹಣೆಗೆ ತುರಾಯಿ, ಬೆನ್ನಿಗೆ ಕೆಂಪು ಮಕಮಲ್ಲು, ಮೇಲೆ ಮಹಾರಾಜ. ಮಾರಾಟದ ಚಿಂತೆಯನ್ನೂ ಮರೆತು ಹಾಲಿನವನು ಸೆಟೆದು ಕೂತ. ಮಹಾರಾಜ ಕತ್ತಿ ಎತ್ತಿ ನುಗ್ಗಿರೆಂದು ಕೂಗಿದ. ಅಕ್ಕ ಹೊರಟಳು. ಸ್ವಲ್ಪ ದೂರ ಹೋಗಿ ನಿಂತಳು.

ಮಹಾರಾಜ ಹಿಮ್ಮಡಿಯಿಂದ ಒದ್ದ. ಅಕ್ಕ ಒಂದು ಕಿವಿ ಮಾತ್ರ ತಿರುಗಿಸಿದಳು. ಎದುರಿಗೆ ಶತ್ರುಗಳು ಕತ್ತಿ ಎತ್ತಿಕೊಂಡು ಸೌಜನ್ಯದಿಂದ ಕಾಯುತ್ತಿದ್ದರು. ಬೇರೆ ದಾರಿ ಕಾಣದೆ ಮಹಾರಾಜ ಭಾಷಣಕ್ಕಿಳಿದ. ತಾಯ್ನಾಡು, ತಾಯಿಯ ಕಣ್ಣೀರು, ಮಣ್ಣಿನ ಋಣ. ಅಷ್ಟರಲ್ಲಿ ಯಾರದೋ ಕತ್ತಿ ಗುರಾಣಿಗೆ ತಾಗಿ ಟಣ್ ಎಂದಿತು. ಅಕ್ಕ ತಟ್ಟನೆ ಹೊರಟಳು. ಋಣದ ಮಾತು ಅರ್ಧಕ್ಕೇ ನಿಂತು ಕಿರೀಟ ಮೂಗಿನ ಮೇಲೆ ಜಾರಿತು. ಮತ್ತೆ ಅಷ್ಟೇ ದೂರ. ಅಕ್ಕ ಮತ್ತೆ ನಿಂತಳು.

ಹಾಲಿನವನಿಗೆ ಆ ಸದ್ದಿನ ಗುರುತು ಹತ್ತಿತು. ದಿನಾ ಬೆಳಿಗ್ಗೆ ಒಂದು ಮನೆಗೆ ಹಾಲು ಹಾಕಿ ಮುಗಿಸಿದ ಕೂಡಲೇ ಅವನು ಅಳತೆಯ ಲೋಟವನ್ನು ಕ್ಯಾನಿನ ಅಂಚಿಗೆ ಟಣ್ ಎಂದು ಕುಟ್ಟುತ್ತಿದ್ದ. ಆ ಸದ್ದಿಗೆ ಅಕ್ಕ ಮುಂದಿನ ಬಾಗಿಲವರೆಗೆ ನಡೆದು ತಾನಾಗಿಯೇ ನಿಲ್ಲುತ್ತಿದ್ದಳು. ಮತ್ತೆ ಸದ್ದು ಕೇಳುವ ತನಕ ಅವಳ ಬಾಲಕ್ಕೆ ಬೆಂಕಿ ಇಟ್ಟರೂ ಕದಲುವವಳಲ್ಲ. ಅಕ್ಕ ಯುದ್ಧ ಮಾಡುತ್ತಿರಲಿಲ್ಲ. ಶತ್ರುಸೇನೆಗೆ ಹಾಲು ಹಾಕುತ್ತಿದ್ದಳು.

ಜನಕ್ಕೂ ತಿಳಿಯಲು ತಡವಾಗಲಿಲ್ಲ. ಹೆಂಗಸರ ಸಾಲಿನಿಂದ ಒಬ್ಬಳು, ಅದು ನಮ್ಮನೆ ಅಂದಳು. ಮುಂದಿನ ಸಲ ನಿಂತಾಗ, ಇದು ದರ್ಜಿ ಮನೆ ಎಂದು ಇನ್ನೊಬ್ಬಳು. ಮೇಷ್ಟರ ಮನೆಯಲ್ಲಿ ಅಕ್ಕನಿಗೆ ದಿನಾ ಬಾಳೆಹಣ್ಣಿನ ಸಿಪ್ಪೆ ಸಿಗುತ್ತಿತ್ತು. ಆ ಲೆಕ್ಕದ ಜಾಗಕ್ಕೆ ಬಂದಾಗ ಅವಳು ಕತ್ತು ಚಾಚಿ ಶತ್ರು ದಳಪತಿಯ ಕವಚದೊಳಗೆ ಮೂತಿ ತೂರಿಸಿ ಹುಡುಕಿದಳು. ದಳಪತಿ ಕಚಗುಳಿ ತಾಳಲಾರದೆ ನಗುತ್ತ ನಗುತ್ತಲೇ ಮಹಾರಾಜನ ಕತ್ತಿಗೆ ಬಲಿಯಾದ. ಟಾಕೀಸಿನ ತಗಡು ಹಾರಿಹೋಗುವ ಹಾಗೆ ಜನ ನಕ್ಕರು. ಭಾವ ಕಂಬದ ಹಾಗೆ ಕೂತಿದ್ದ. ಸರ್ಕಸ್ಸಿನ ಯಜಮಾನ ಮಾತ್ರ ನಗಲಿಲ್ಲ. ಮುಂದಕ್ಕೆ ಬಾಗಿ ಗಮನವಿಟ್ಟು ನೋಡುತ್ತಿದ್ದ.

ಆಟ ಬಿಟ್ಟ ಮೇಲೆ ಹೊರಗೆ ಬೇವಿನ ಮರದ ಕೆಳಗೆ ಯಜಮಾನ ಬಾಯಿ ಬಿಟ್ಟ. ಸಿನಿಮಾ ದರಿದ್ರ, ಆದರೆ ಕುದುರೆಯ ಪಳಗಿಸುವಿಕೆ ಅದ್ಭುತ ಅಂದ. ರಾಜ ಮಾತು ತೆಗೆದ ಕೂಡಲೇ ನಿಲ್ಲುತ್ತದೆ, ಕತ್ತಿ ಸದ್ದಾದ ಕೂಡಲೇ ಹೊರಡುತ್ತದೆ, ಲಗಾಮು ಎಳೆದದ್ದೇ ಕಾಣಲಿಲ್ಲ. ಭಾವನಿಗೆ ಹೋದ ಜೀವ ಬಂತು. ಕಣ್ಸನ್ನೆಯಲ್ಲೇ ತಿಳಿದುಕೊಳ್ಳುತ್ತಾಳೆ ಎಂದು ಸೇರಿಸಿದ. ಹೆಂಗಸರು ಅದೇನೋ ನಮ್ಮನೆ, ನಮ್ಮನೆ ಅನ್ನುತ್ತಿದ್ದರಲ್ಲ ಎಂದು ಯಜಮಾನ ಕೇಳಿದ್ದಕ್ಕೆ, ಮಹಾರಾಜರೇ ಮನೆಗೆ ಬಂದಷ್ಟು ಖುಷಿ ಅವರಿಗೆ ಅಂದ.

ಸುತ್ತ ಊರಿನವರು ನೆರೆದಿದ್ದರು. ಎಲ್ಲರಿಗೂ ಸತ್ಯ ಗೊತ್ತು. ಆದರೂ ಯಾರೂ ಬಾಯಿ ಬಿಡಲಿಲ್ಲ. ಪರ ಊರಿನವನ ಮುಂದೆ ತಮ್ಮ ಹಾಲಿನವನ ಮಾನ ಕಳೆಯಬಾರದೆಂದು ದರ್ಜಿ ತುಟಿ ಕಚ್ಚಿ ಆಕಾಶ ನೋಡಿದ. ಮೇಷ್ಟರಂತೂ ಹೌದೌದು, ಭಾರಿ ಕುದುರೆ ಎಂದು ತಲೆಯಾಡಿಸಿದರು. ಹಾಲಿನವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾರಾದರೊಬ್ಬ ಒಂದು ಮಾತು ಆಡಿದ್ದರೆ ಸಾಕಿತ್ತು. ಇಷ್ಟು ದಿನ ಅವನ ಬಡಾಯಿಗೆ ಮುಖ ತಿರುಗಿಸಿ ನಗುತ್ತಿದ್ದ ಊರು, ಆ ನಗು ಬೇಕಾದ ಹೊತ್ತಿಗೆ ಅವನ ಮಾನ ಕಾಯಲು ನಿಂತುಬಿಟ್ಟಿತ್ತು.

ಯಜಮಾನ ಲಾಯ ಎತ್ತ ಎಂದು ಕೇಳಿದ.

“ಸ್ವಾಮಿ, ಅವಳನ್ನ ಯಾರೂ ಪಳಗಿಸಿಲ್ಲ,” ಎಂದ ಹಾಲಿನವನು. “ನಾನು ಹಾಲಿನವನು. ಅವಳು ಮನೆಮನೆಗೆ ನಿಂತಿದ್ದು. ರಾಜ ಭಾಷಣ ಮಾಡಿದ್ದು ಅವಳು ಕದಲಲಿಲ್ಲ ಅಂತ. ಸಿನಿಮಾ ಹಾಳಾಗಿದ್ದೇ ಅವಳಿಂದ.”

ಇವನು ತಮಾಷೆಯ ಮನುಷ್ಯ ಎಂದು ಭಾವ ನಗಲು ನೋಡಿದ. ಹಾಲಿನವನು ನಿಲ್ಲಲಿಲ್ಲ. ನಿಮ್ಮ ಹುಡುಗಿ ಬೆನ್ನ ಮೇಲೆ ಒಂಟಿಕಾಲಲ್ಲಿ ನಿಂತಿರುವಾಗ ಇವಳು ಬಾಗಿಲು ಬಂತು ಅಂತ ಗಕ್ಕನೆ ನಿಂತರೆ, ಹುಡುಗಿ ಹೋಗಿ ಮುಂದಿನ ಸಾಲಿನವರ ಮಡಿಲಲ್ಲಿ ಕೂರುತ್ತಾಳೆ ಅಂದ. ಬ್ಯಾಂಡಿನವನು ತಾಳ ಕುಟ್ಟಿದರೆ ಮತ್ತೆ ಹೊರಡುತ್ತಾಳೆ ಅಂದ. ಅಲ್ಲಿಗೆ ಸಾಕಿತ್ತು. ಆದರೆ ಬಡಾಯಿ ರಕ್ತದಲ್ಲಿದ್ದವನು. ಹೊಗಳುವಾಗ ಎಷ್ಟು ದೂರ ಹೋಗಿದ್ದನೋ ತೆಗಳುವಾಗಲೂ ಅಷ್ಟೇ ದೂರ ಹೋದ. ಒಂದು ಕಣ್ಣು ಮಂಜು, ದೀಪ ಕಂಡರೆ ಬೆದರುತ್ತಾಳೆ, ಹುಲಿ ವಾಸನೆಗೆ ಮೂರ್ಛೆ ಹೋಗುತ್ತಾಳೆ.

“ಅವಳ ಗೊರಕೆ ಹೇಳೋದನ್ನೇ ಬಿಟ್ರಿ,” ಎಂದಳು ಹೆಂಡತಿ ಹಿಂದಿನಿಂದ. “ಮೂರು ಮನೆ ಆಚೆಗೆ ಕೇಳುತ್ತೆ.”

ಭಾವ ಒಡಹುಟ್ಟಿದವಳತ್ತ ತಿರುಗಿ ನೋಡಿದ. ಅವಳು ಸೆರಗು ಸರಿಮಾಡಿಕೊಂಡು ಬೇವಿನ ಮರ ನೋಡುತ್ತಿದ್ದಳು.

ಯಜಮಾನ ಎರಡು ಕೈಯನ್ನೂ ಜೋಡಿಸಿ ಎಲ್ಲರಿಗೂ ಒಟ್ಟಿಗೇ ಒಂದು ನಮಸ್ಕಾರ ಹಾಕಿ ಬಸ್ಸಿನ ದಾರಿ ಹಿಡಿದ. ಅವನು ತಿರುವು ದಾಟುವವರೆಗೆ ಊರು ನಗು ತಡೆದುಕೊಂಡಿತು. ಆಮೇಲೆ ದರ್ಜಿ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡ.

ಭಾವ ಕೋಪದಲ್ಲಿ ಹಾಲಿನವನ ಎದುರಿಗೆ ಬಂದು ನಿಂತ. ಅಂದ: “ಊರೆದುರಿಗೆ ನಿನ್ನ ಮರ್ಯಾದೆ ನೀನೇ ಹರಾಜು ಹಾಕ್ಕೊಂಡೆ. ಇನ್ನು ಅವಳನ್ನ ಯಾರೂ ಮೂಸಿ ನೋಡಲ್ಲ. ಸಾಯೋತನಕ ನೀನೇ ತಲೆ ಮೇಲೆ ಹೊತ್ಕೊಂಡು ಮೆರೆಸು.”

“ಆಗಲಿ ಭಾವ. ನೀವು ಹೇಳಿದ ಹಾಗೇ ಆಗಲಿ,” ಎಂದ ಹಾಲಿನವನು ತಲೆ ತಗ್ಗಿಸಿ.

ಮದುವೆಯಾದಾಗಿನಿಂದ ಭಾವನ ಮಾತನ್ನು ಅವನು ಎದುರಾಡದೆ ಒಪ್ಪಿಕೊಂಡದ್ದು ಅದೇ ಮೊದಲು.